ಆಮೆಗೆ ತವರಿನ ತೊಟ್ಟಿಲು

“ಆ ತೊಟ್ಟಲದಾಗ ಒಂದ ಹಿಡಿ ಮಣ್ಣು ಬೀಳ್ಲಿ, ಆಮ್ಯಾಲ ನೋಡ್ರಿ ನನ್ನ!”

ಹೆಂಡತಿ ಕಲ್ಲವ್ವನ ಕೂಗಿಗೆ ಫಕೀರಪ್ಪ ಮಣ್ಣಿನ ಬುಟ್ಟಿ ಹಿಡಿದುಕೊಂಡು ಪಡಸಾಲೆಯ ನಡುವೆ ನಿಂತುಬಿಟ್ಟ. ಕಾತ್ರಜದ ಟ್ರಾನ್ಸ್‌ಪೋರ್ಟ್ ಆಫೀಸಿನ ಈ ಗುಮಾಸ್ತನಿಗೆ ಮೊನ್ನೆ ಉಳ್ಳಾಗಡ್ಡಿ ಲಾರಿಯಲ್ಲಿ ಒಂದು ಆಮೆಮರಿ ಸಿಕ್ಕಿತ್ತು. ಅಂಗೈ ತುಂಬದಷ್ಟು ಜೀವ. ಬಂದಾಗಿನಿಂದ ಮೆಂತ್ಯದ ಎಲೆ ಮುಟ್ಟಿಲ್ಲ, ಪುಣೆಯ ಡಿಸೆಂಬರ್ ಚಳಿಗೆ ಕಣ್ಣು ಸಹ ತೆರೆಯುತ್ತಿಲ್ಲ. ಒಣ ಮಣ್ಣಿನ ಮನೆ ಮಾಡಿ, ಒಂದು ಮಗ್ಗುಲಿಗೆ ಬಲ್ಬಿನ ಬಿಸಿ, ಇನ್ನೊಂದು ಮಗ್ಗುಲಿಗೆ ನೆರಳು ಕೊಡದಿದ್ದರೆ ಉಳಿಯುವುದಿಲ್ಲ ಎಂದು ದನದ ಡಾಕ್ಟರು ಹೇಳಿಬಿಟ್ಟಿದ್ದರು. ಸದ್ಯಕ್ಕೆ ಅದು ಫಕೀರಪ್ಪನ ಮಂಕಿ ಟೋಪಿಯೊಳಗೆ ಮಲಗಿತ್ತು. ಅವನ ಜೀವ ಅದರ ಮೇಲೇ ಇತ್ತು.

ಫಕೀರಪ್ಪ: ಹಂಗಾರ ಎಲ್ಲಿಡ್ಲಿ, ನೀನ ಹೇಳು.

ಕಲ್ಲವ್ವ: ಮೊನ್ನೆ ಬಕೀಟಿನ ನೀರಾಗ ಬಿಟ್ಟಿದ್ರಲ್ಲ, ಅಲ್ಲೇ ಇಡ್ರಿ.

ಫಕೀರಪ್ಪ: ಅದು ಈಸೂ ಆಮಿ ಅಲ್ಲ ಅಂತ ನನಗೇನ ಗೊತ್ತಿತ್ತು?

ಕಲ್ಲವ್ವ: ಗಾಜಿನ ಪೆಟಗಿ ತರ್ರಿ, ಮೀನಾ ಇಡ್ತಾರಲ್ಲ, ಅದು.

ಫಕೀರಪ್ಪ: ಗಾಜಿನ್ಯಾಗ ಆರಪಾರ ಕಾಣ್ತದ. ದಾರಿ ಅದ ಅಂತ ತಿಳದು ದಿನಾ ತಲಿ ಗುದ್ದಕೋತ ನಿಲ್ತದಂತ.

ಕಲ್ಲವ್ವ: ಆಫೀಸಿನ ಹೊಸಾ ಗಾಜಿನ ಬಾಗಲಕ್ಕ ನೀವು ಗುದ್ದಿದಂಗ.

ಫಕೀರಪ್ಪ: ಆ ಮಾತು ಈಗ್ಯಾಕ?

ಕಲ್ಲವ್ವ: ಹೋಗ್ಲಿ, ಹಿಟ್ಟು ನಾದೂ ಪರಾತ ಕೊಡ್ತೀನಿ.

ಫಕೀರಪ್ಪ: ಅಂಚು ಹತ್ತಿ ಇಳದು ಹೋಗ್ತದ.

ಕಲ್ಲವ್ವ: ಕಣ್ಣ ತಗೀಲಿಕ್ಕೆ ತ್ರಾಣಿಲ್ಲ ಅಂತೀರಿ, ಪರಾತ ಹತ್ತಿ ಇಳೀತದೇನು?

ಫಕೀರಪ್ಪ: ಬಿಸಿ ಹತ್ತಿದ ಮ್ಯಾಲ ಇಳೀತದ! ಈ ತೊಟ್ಟಲಾ ನೋಡು. ಹಲಗಿ ಎತ್ತರ ಅವ, ಒಂದ ಸಂದಿಲ್ಲ. ಹೇಳಿ ಮಾಡಿಸಿದಂಗ ಅದ.

ಕಲ್ಲವ್ವ: ಮಾಡಿಸಿದ್ದು ನಮ್ಮಪ್ಪ! ಸ್ವಪ್ನಿಲ್ ಮಲಗಿದ ತೊಟ್ಟಲಾ ಅದು. ನಾಳೆ ಅವನ ಕೂಸು ಮಲಗಬೇಕು.

ಫಕೀರಪ್ಪ: ಆ ಕೂಸು ಬರೂದು ಯಾವಾಗೋ. ಈ ಕೂಸು ಬಂದದ.

ಅಂದಮೇಲೆ ಫಕೀರಪ್ಪ ನಾಲಿಗೆ ಕಚ್ಚಿಕೊಂಡ. ಮಗ ಸ್ವಪ್ನಿಲನ ಮದುವೆಯಾದಾಗಿನಿಂದ ಕಲ್ಲವ್ವ ಹಬ್ಬಕ್ಕೊಮ್ಮೆ ಆ ತೊಟ್ಟಿಲಿಗೆ ಎಣ್ಣೆ ಹಚ್ಚಿ ಒರೆಸಿಡುತ್ತಿದ್ದಳು. ಅವಳ ಕಣ್ಣು ತುಂಬಿದ್ದು ನೋಡಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬುಟ್ಟಿ ಕೆಳಗಿಡಬೇಕು ಅನ್ನುವಷ್ಟರಲ್ಲಿ ಪಕ್ಕದ ಮನೆಯ ಶಿವಗಂಗವ್ವ ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಒಳಗೇ ನುಗ್ಗಿದಳು. ಸ್ವಪ್ನಿಲನಿಗೆ ಸಾಸವಡದ ರಂಜನಾಳನ್ನು ಗೊತ್ತುಮಾಡಿ ಮದುವೆ ಮಾಡಿಸಿದ್ದೇ ಈಕೆ. ಹೀಗಾಗಿ ಈ ಮನೆಯಲ್ಲಿ ಅವಳಿಗೆ ಬಾಗಿಲು ಬಡಿಯುವ ರೂಢಿ ಇರಲಿಲ್ಲ.

ಶಿವಗಂಗವ್ವ: ಕಲ್ಲಕ್ಕಾ, ನನ್ನ ಮುಂದೂ ಮುಚ್ಚಿಡ್ತೀಯೇನ? ಅಣ್ಣಾರು ಅಟ್ಟದಿಂದ ತೊಟ್ಟಲಾ ಇಳಸೂದು ನೋಡ್ದೆ. ಯಾಕ ಅಂತ ಕೇಳಿದ್ರ, ಕೂಸು ಭಾಳ ಸಣ್ಣದದ, ಥಂಡಿ ತಡಿಯಂಗಿಲ್ಲ ಅಂದ್ರು.

ಕಲ್ಲವ್ವ: ಅಯ್ಯ, ಅದು ಆಮಿ!

ಶಿವಗಂಗವ್ವ: ಥೂ ಥೂ! ಹುಟ್ಟೂ ಮೊದ್ಲ ಮೊಮ್ಮಗನ್ನ ಹಂಗ ಅನಬಾರದವಾ. ಸಾಸವಡಕ್ಕ ರಂಜನಾನ ಅವ್ವಗ ಫೋನ್ ಮಾಡಿ ಹೇಳೇ ಬಿಟ್ಟೆ.

ಕಲ್ಲವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಫಕೀರಪ್ಪ ಟೋಪಿ ಬಿಡಿಸಿ ಮೊಮ್ಮಗನನ್ನು ತೋರಿಸುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕಲ್ಲವ್ವ ಎದ್ದು ಎತ್ತಿದಳು. ಸಾಸವಡದ ಬೀಗತಿಯ ದನಿ ರಿಸೀವರ್ ದಾಟಿ ಪಡಸಾಲೆಗೆಲ್ಲ ಕೇಳುತ್ತಿತ್ತು.

ಬೀಗತಿ: ಏನ್ರಿ ಬೀಗರ, ಹಳೀ ತೊಟ್ಟಲಾ ಇಳಸೀರಂತ? ಚೊಚ್ಚಲ ಕೂಸಿಗೆ ತೊಟ್ಟಲಾ ಕೊಡೂದು ಹೆಣ್ಣಿನ ತವರಿನವರಲ್ಲೇನು? ನಿಮಗ ನಿಮ್ಮ ತವರಿನವ್ರ ಕೊಟ್ಟಾರಲ್ಲ! ನಮಗೇನು ಕಟಗಿಗೆ ಬರಾ ಬಂದದೇನು?

ಕಲ್ಲವ್ವ ತೊಟ್ಟಿಲಿನ ಕಡೆ ತಿರುಗಿ ನೋಡಿದಳು. ಇಷ್ಟು ವರ್ಷ ತೊಟ್ಟಿಲಿಗೆ ಎಣ್ಣೆ ತಿಕ್ಕಿದವಳಿಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಕಲ್ಲವ್ವ: ಹಂಗಲ್ರಿ ಬೀಗರ, ಇದು ಬ್ಯಾರೆ...

ಬೀಗತಿ: ಬ್ಯಾರೆ ಗೀರೆ ಇಲ್ಲ! ನಿನ್ನೆನ ಸಾಗವಾನಿ ಹಲಗಿ ತಂದು ಬಡಿಗೇರಿಗೆ ಕೊಟ್ಟೇವಿ.

ಕಲ್ಲವ್ವ: ನಿನ್ನೆನ? ಯಾಕ್ರಿ?

ಬೀಗತಿಯ ದನಿ ಒಮ್ಮೆಲೆ ಇಳಿಯಿತು.

ಬೀಗತಿ: ಅಂದ್ರ... ರಂಜನಾ ಇನ್ನೂ ಹೇಳಿಲ್ಲೇನು ನಿಮಗ? ಅಯ್ಯ ಶಿವನ! ಐತವಾರ ಬಾರಾಮತಿಯಿಂದ ಗಂಡಾ ಹೆಂಡ್ತಿ ಇಬ್ರೂ ತಾವ ಬಂದು ಹೇಳೋರಿದ್ರು...

ರಿಸೀವರ್ ತಂತಿಯಲ್ಲಿ ಜೋತಾಡಿತು. ಕಲ್ಲವ್ವ ಶಿವಗಂಗವ್ವನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿದಳು, ಅಡುಗೆಮನೆಗೆ ಓಡಿದಳು, ಸಕ್ಕರೆ ತಂದು ಕಂಡವರ ಬಾಯಿಗೆ ತುಂಬಿದಳು. ಫಕೀರಪ್ಪನಿಗೆ ಕುಣಿಯುವಷ್ಟು ಖುಷಿ. ಆದರೆ ಟೋಪಿಯಲ್ಲಿದ್ದ ಜೀವದ ಚಿಂತೆಯೂ ಬಿಟ್ಟಿರಲಿಲ್ಲ. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡೇ ಕೇಳಿದ.

ಫಕೀರಪ್ಪ: ಅಂದ್ರ... ಈ ತೊಟ್ಟಲಾ...

ಕಲ್ಲವ್ವ: ನಿಂತ ನೋಡ್ತೀರೇನು? ಲಗೂನ ಮಣ್ಣು ಸುರವ್ರಿ, ಬಲ್ಬ್ ಹಚ್ರಿ! ಮನಿ ಹಿರೇ ಮೊಮ್ಮಗ ಥಂಡ್ಯಾಗ ಕುಂತಾನ!