ಕಾರಿನ ತಲೆಯ ಮೇಲೆ ಗುಡ್ಡದ ಸೈಕಲ್

ಕಾರಿನ ಒಳಗೆ ಮನುಷ್ಯರು ಕೂತು ಹೊರಟರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಾರಿನ ಮೇಲೆ ಸೈಕಲ್ ಕೂತು ಹೊರಟಿತೆಂದರೆ ಏನಾದರೊಂದು ಆಗದೆ ಬಿಡುವುದಿಲ್ಲ. ಇದು ನಾನು ಪುಸ್ತಕದಲ್ಲಿ ಓದಿದ ಮಾತಲ್ಲ. ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಆಟದ ಮಾಸ್ತರನಾಗಿದ್ದಾಗ ಸುತ್ತಲಿನ ರಸ್ತೆಗಳೇ ನನಗೆ ಕಲಿಸಿದ ಪಾಠ.

ನಮ್ಮ ಕಾಲೇಜಿನ ಹುಡುಗರು ಸೈಕಲ್ ರೇಸಿನಲ್ಲಿ ಗಟ್ಟಿಗರು. ಆದರೆ ಸೈಕಲ್ಲುಗಳನ್ನು ರೇಸಿನ ಊರಿಗೆ ಒಯ್ಯುವುದೇ ದೊಡ್ಡ ರೇಸು. ಬಸ್ಸಿನ ಮೇಲಿನ ಟಪ್ಪಿಗೆ ಹಾಕಿದರೆ ಅದರ ಮೇಲೊಬ್ಬರು ಬೆಲ್ಲದ ಪೆಂಟಿ ಹೇರುತ್ತಿದ್ದರು, ಬೆಲ್ಲದ ಮೇಲೆ ಮತ್ತೊಬ್ಬರು ಕಪಾಟು ಮಲಗಿಸುತ್ತಿದ್ದರು. ಇಳಿಸುವ ಹೊತ್ತಿಗೆ ದುಂಡಗಿದ್ದ ಗಾಲಿ ಕರಿದ ಹಪ್ಪಳವಾಗಿರುತ್ತಿತ್ತು. ಕೊನೆಗೆ ನಿಪ್ಪಾಣಿಯ ಒಬ್ಬ ಡ್ರೈವರನನ್ನು ಹಿಡಿದೆ. ಅವನ ಹತ್ತಿರ ಹಳೆಯ ಅಂಬಾಸಿಡರ್ ಇತ್ತು. ಮನೆಯಲ್ಲಿ ಮುರಿದು ಬಿದ್ದಿದ್ದ ಕಬ್ಬಿಣದ ಮಂಚವನ್ನು ವೆಲ್ಡಿಂಗ್ ಮಾಡಿಸಿ ಕಾರಿನ ಟಪ್ಪಿಗೆ ಕೂರಿಸಿ ಸೈಕಲ್ ನಿಲ್ಲಿಸುವ ಕ್ಯಾರಿಯರ್ ಮಾಡಿಕೊಂಡ. ಮಂಚದ ತಲೆದಿಂಬಿನ ಕಡೆಯ ಹೂಬಳ್ಳಿ ಹಾಗೇ ಉಳಿದಿತ್ತು. ಅವನ ಮನೆಮಾತು ಮರಾಠಿ. ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ, ಆದರೆ ಕೈಗೆ ಕೆಲಸ ಹತ್ತಿತೆಂದರೆ ಬಾಯಿ ತಾನಾಗಿ ಮರಾಠಿಗೆ ಹೊರಳುತ್ತಿತ್ತು. ಸವಾರರು ಬಸ್ಸಿನಲ್ಲಿ, ಸೈಕಲ್ಲುಗಳು ಕಾರಿನಲ್ಲಿ. ಹೀಗೆ ಶುರುವಾಯಿತು ನಮ್ಮ ಸಂಸಾರ.

ಗುಡ್ಡ ಎಲ್ಲೈತಿ?

ನಮ್ಮ ತಂಡದಲ್ಲಿ ಒಬ್ಬಳೇ ಹುಡುಗಿ. ತೆಲಸಂಗದ ಕಡೆಯ ದ್ರಾಕ್ಷಿ ತೋಟದ ಸಾವ್ಕಾರರ ಮಗಳು, ಚಿಕ್ಕೋಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಪೆಡಲ್ ಮೇಲೆ ಕಾಲಿಟ್ಟಳೆಂದರೆ ಗಂಡು ಹುಡುಗರು ಅವಳ ಬೆನ್ನು ನೋಡುತ್ತಲೇ ಊರು ಮುಟ್ಟಬೇಕು. ಅವಳ ಅಪ್ಪನಿಗೆ ಇದು ಹೆಮ್ಮೆಯೂ ಹೌದು, ತಲೆನೋವೂ ಹೌದು. ‘ಹುಡುಗಿ ಸೈಕಲ್ ಹೊಡೀತದಂತ?’ ಎಂದು ಬೀಗರು ಬಿಜ್ಜರು ಕೇಳುತ್ತಿದ್ದರು. ರೇಸು ನಿಂತರೆ ಅದರ ಹಿಂದೆಯೇ ಕಾಲೇಜೂ ನಿಲ್ಲುತ್ತದೆ, ಆಮೇಲೆ ವರ ನೋಡುವ ಕಾರ್ಯಕ್ರಮ ಶುರುವಾಗುತ್ತದೆ ಎಂಬುದು ಹುಡುಗಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆದರೂ ಸಾವ್ಕಾರರು ಮಿರಜಿಗೆ ಹೋಗಿ ಮಗಳಿಗೊಂದು ಗೇರ್ ಸೈಕಲ್ ತಂದರು. ದಪ್ಪ ಟೈರು, ಮಟ್ಟಸ ಹ್ಯಾಂಡಲ್ಲು, ಕೆಂಪು ಬಣ್ಣ. ನಮ್ಮ ಕಡೆ ಅಂಥದ್ದನ್ನು ಯಾರೂ ನೋಡಿರಲಿಲ್ಲ. ತಂದವರೇ ನನ್ನ ಮನೆ ಮುಂದೆ ನಿಂತು ಶರತ್ತು ಹಾಕಿದರು.

“ಮಾಸ್ತರ್ರ, ಇದಕ್ಕ ಒಂದ ಒಂದು ಗೀರು ಬಿತ್ತಂದ್ರ ಮುಂದ ರೇಸಿಗೆ ಬರೂದು ಬಂದ್ ನೋಡ್ರಿ. ಒಯ್ಯೂದು ತರೂದು ನನ್ನ ಕಣ್ಣ ಮುಂದನ ಆಗಬೇಕು. ಮಗಳ ಜೋಡಿ ನಾನೂ ಕಾರಿನಾಗ ಬರಾಂವ.”

ಹುಡುಗಿಯ ಮುಖ ಸಣ್ಣದಾಯಿತು. ಡ್ರೈವರ್ ಮಾತ್ರ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

“ಇದಕ್ಕ ಏನಂತಾರ್ರಿ ಸಾವ್ಕಾರ್ರ?”

“ಗುಡ್ಡ ಹತ್ತೂ ಸೈಕಲ್ ಅಂತ.”

“ತೆಲಸಂಗದಾಗ ಗುಡ್ಡ ಎಲ್ಲೈತ್ರಿ?”

ಸಾವ್ಕಾರರು ಅವನನ್ನು ದಡ್ಡನನ್ನು ನೋಡುವಂತೆ ನೋಡಿದರು. “ಗುಡ್ಡ ಇಲ್ಲ. ರಸ್ತಾದಾಗ ತಗ್ಗು ಅದಾವಲ್ಲ. ತಗ್ಗಿನಾಗ ಇಳದ ಮ್ಯಾಲ ತಿರುಗಿ ಹತ್ತಬೇಕೋ ಬ್ಯಾಡೋ?”

ಕೌದಿ

ಮೊದಲ ರೇಸು ಕಾಗವಾಡದಲ್ಲಿ. ಕಾರು ಹೊರಡುವ ಮುಂಚೆ ಸಾವ್ಕಾರರು ಮನೆಯಿಂದ ಎರಡು ಕೌದಿ ತಂದರು. ಅವರ ತಾಯಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಮೆತ್ತನೆಯ ಕೌದಿಗಳು. ಸೈಕಲ್ಲನ್ನು ನಿಲ್ಲಿಸಿದರೆ ಗಾಳಿಗೆ ಗಾಲಿ ತಿರುಗಿ ತಿರುಗಿ ಸವೆಯುತ್ತವೆ ಎಂಬುದು ಅವರ ಚಿಂತೆ. ನಾನು ಹೇಳಿದೆ, ಡ್ರೈವರ್ ಹೇಳಿದ, ಮಗಳು ಹೇಳಿದಳು. ಕೇಳಲಿಲ್ಲ. ಮಂಚದ ಕ್ಯಾರಿಯರಿನ ಮೇಲೆ ಸೈಕಲ್ಲನ್ನು ಅಡ್ಡ ಮಲಗಿಸಿ, ಮೇಲೆ ಕೆಳಗೆ ಕೌದಿ ಸುತ್ತಿ, ತಲೆಯಿಂದ ಕಾಲಿನವರೆಗೆ ಹಗ್ಗ ಬಿಗಿಸಿದರು.

ಕಾಗವಾಡದ ಹತ್ತಿರ ಕಬ್ಬಿನ ಹಾಲಿನ ಗಾಣದ ಮುಂದೆ ಕಾರು ನಿಂತಿತು. ನೆರಳಲ್ಲಿ ಕೂತಿದ್ದ ಒಬ್ಬ ಮುದುಕರು ಮೆಲ್ಲಗೆ ಎದ್ದು ಬಂದರು. ಟಪ್ಪಿನ ಕಡೆ ನೋಡಿ ಟೋಪಿ ತೆಗೆದರು.

“ಯಾರದ್ರಿ?”

“ನಮ್ಮ ಮಗಳದು,” ಎಂದರು ಸಾವ್ಕಾರರು.

“ಶಿವ ಶಿವಾ. ಎಲ್ಲಿಂದ ತಂದ್ರಿ?”

“ಮಿರಜಿಂದ.”

ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನೆಗಳ ಊರು. ಕೈಮೀರಿದ ರೋಗಿಯನ್ನು ಅಲ್ಲಿಗೇ ಒಯ್ಯುವುದು. ಮುದುಕರ ಕಣ್ಣು ತೇವಗೊಂಡವು.

“ಮಿರಜಿನವರ ಕೈಲೂ ಆಗಲಿಲ್ಲ ಅನ್ರಿ. ಏನಾಗಿತ್ತು?”

“ಏನೂ ಆಗಿಲ್ರಿ. ಏನೂ ಆಗಬಾರದಂತ ಮುಂಚೇನ ಸುತ್ತಿ ಕಟ್ಟೀನಿ.”

ಮುದುಕರು ಗೊಂದಲದಲ್ಲಿ ನಿಂತಿದ್ದಾಗ ಕಾರಿನ ಹಿಂದಿನ ಕಿಟಕಿಯಿಂದ ಹುಡುಗಿ ತಲೆ ಹೊರಗೆ ಹಾಕಿದಳು. “ಅಜ್ಜಾರ, ಮಗಳು ಅಂದ್ರ ನಾನ ರೀ. ಸ್ವಲ್ಪ ಸರೀರಿ, ಕಬ್ಬಿನ ಹಾಲು ಕುಡಿಯೂದೈತಿ.”

ಮುದುಕರು ಅವಳನ್ನು ನೋಡಿದರು, ಟಪ್ಪು ನೋಡಿದರು, ಟೋಪಿ ಹಾಕಿಕೊಂಡರು. ಗಾಣದವನ ಕಡೆ ತಿರುಗಿ, “ಮೊದಲ ಆಕೀಗೆ ಕೊಡಪ್ಪಾ, ತಡಾ ಮಾಡಬ್ಯಾಡ,” ಎಂದು ಹೇಳಿ ಹಿಂದೆ ನೋಡದೆ ನಡೆದುಬಿಟ್ಟರು.

ಯಾರ ಮೇಲೆ ಯಾರು

ಅಥಣಿಯ ರೇಸಿನ ದಿನ ಊರು ಇನ್ನೂ ಒಂದು ಹರದಾರಿ ಇರುವಾಗ ಕಾರು ಕೆಮ್ಮಿ ನಿಂತಿತು. ಟಪ್ಪಿನ ಮೇಲೆ ಮೂರು ಒಳ್ಳೆಯ ಸೈಕಲ್ಲು. ಕೆಳಗೆ ನಾವು ನಾಲ್ವರು. ನಾನು ಒಂದು ಸೈಕಲ್ ಬಿಚ್ಚಿಕೊಂಡು ಹೋಗಿ ಮೇಸ್ತ್ರಿಯನ್ನು ಕರೆತರುತ್ತೇನೆ ಎಂದೆ. ಸಾವ್ಕಾರರು ಹಗ್ಗಕ್ಕೆ ಕೈ ಹಚ್ಚಗೊಡಲಿಲ್ಲ.

“ಮೂರೂ ಒಂದ ಹಗ್ಗದಾಗ ಅದಾವ್ರಿ. ಒಂದ ಬಿಚ್ಚಿದ್ರ ನಮ್ಮ ಸೈಕಲ್ ಸಡ್ಲ ಆಕೈತಿ. ಗೀರು ಬಿದ್ರ ಯಾರು ಜವಾಬ್ದಾರಿ?”

ಶರತ್ತಿನ ನೆನಪಾಗಿ ಹುಡುಗಿ ನನ್ನತ್ತ ಕೈ ಜೋಡಿಸಿದಳು. ಹೀಗಾಗಿ ಡ್ರೈವರ್ ಸ್ಟೇರಿಂಗ್ ಹಿಡಿದ, ಸಾವ್ಕಾರರು, ಹುಡುಗಿ, ನಾನು ಹಿಂದಿನಿಂದ ನೂಕತೊಡಗಿದೆವು. ನನಗೆ ಕೆಟ್ಟ ಸಿಟ್ಟು ಬಂದಿತ್ತು. ಬಿಸಿಲೋ ಬಿಸಿಲು. ಎದುರಿಗೆ ಆಡು ಹೊಡಕೊಂಡು ಬರುತ್ತಿದ್ದ ಮುದುಕಿ ನಿಂತು ನಮ್ಮನ್ನು ಬಲು ಹೊತ್ತು ನೋಡಿದಳು.

“ಸೈಕಲ್ ಕೆಟ್ಟಾವೇನ್ರಪ್ಪಾ?”

“ಇಲ್ಲವ್ವಾ, ಸೈಕಲ್ ಚಲೋ ಅದಾವು. ಕಾರು ಕೆಟ್ಟೈತಿ,” ಎಂದರು ಸಾವ್ಕಾರರು.

“ಹಂಗಾರ ಚಲೋ ಇದ್ದದ್ರ ಮ್ಯಾಲ ನೀವು ಕೂಡ್ರೂದು ಬಿಟ್ಟು, ಕೆಟ್ಟದ್ದರ ಮ್ಯಾಲ ಅದನ್ನ ಕೂಡಿಸಿ ಯಾಕ ನೂಕಾಕತ್ತೀರಿ?” ಎಂದು ಕೇಳಿ, ಆಡುಗಳ ಕಡೆ ತಿರುಗಿ ಹೇಳಿದಳು: “ನಡೀರೆವ್ವಾ, ಇವರು ಸಾಲಿ ಕಲತವರು.”

ನೋಡೋಣು

ರಾಯಬಾಗಕ್ಕೆ ಹೋದಾಗ ನನ್ನ ಒತ್ತಾಯಕ್ಕೆ ಸೈಕಲ್ಲುಗಳನ್ನು ನಿಲ್ಲಿಸಿಯೇ ಕಟ್ಟಿದ್ದೆವು. ಗೇರ್ ಸೈಕಲ್ಲಿಗೆ ಮಾತ್ರ ಕೌದಿಯ ಅಂಗಿ. ಅಂದೇ ಆ ದಾರಿಯಲ್ಲಿ ಯಾರೋ ಮಂತ್ರಿ ಬರುವವರಿದ್ದರು. ಊರಿನ ಬಾಯಿಗೆ ರಸ್ತೆಯ ಅಡ್ಡಕ್ಕೆ ಬಟ್ಟೆಯ ಬ್ಯಾನರು: ‘ಮಾನ್ಯ ಸಚಿವರಿಗೆ ಹಾರ್ದಿಕ ಸ್ವಾಗತ’. ಕಟ್ಟಿದವರು ಕಾರಿನ ಎತ್ತರ ನೋಡಿ ಕಟ್ಟಿದ್ದರು, ಕಾರಿನ ಮೇಲೆ ಸೈಕಲ್ಲು ಬಂದೀತೆಂದು ಅವರೇನು ಕನಸು ಕಂಡಿದ್ದರೇ? ಹ್ಯಾಂಡಲ್ಲಿಗೆ ಸಿಕ್ಕ ಬ್ಯಾನರು ಎರಡೂ ಕಡೆ ಹಗ್ಗ ಕಿತ್ತುಕೊಂಡು ನಮ್ಮ ಜೊತೆಗೇ ಹೊರಟಿತು. ಒಳಗಿದ್ದ ನಮಗೆ ತಿಳಿಯಲಿಲ್ಲ.

ಮುಂದಿನ ತಿರುವಿನಲ್ಲಿ ಹಲಗಿ ಬಡಿಯುವವರು, ಹಾರ ಹಿಡಿದ ಊರ ಹಿರಿಯರು ಕಾಯುತ್ತಿದ್ದರು. ಬಿಳಿ ಅಂಬಾಸಿಡರ್, ಮೈಮೇಲೆ ‘ಮಾನ್ಯ ಸಚಿವರಿಗೆ’ ಬ್ಯಾನರು. ಹಲಗಿ ಶುರುವಾಯಿತು. ಮುಂದಿನ ಸೀಟಿನಲ್ಲಿ ಬಿಳಿ ಅಂಗಿ, ಬಿಳಿ ಧೋತರ, ಬಿಳಿ ಟೋಪಿಯ ಸಾವ್ಕಾರರು. ಬಾಗಿಲು ತೆಗೆದು ಇಳಿಸಿ ಕೊರಳಿಗೆ ಹಾರ ಹಾಕಿಯೇಬಿಟ್ಟರು. ಸಾವ್ಕಾರರಿಗೆ ಹಾರದ ಮೇಲೆ ಲಕ್ಷ್ಯವೇ ಇಲ್ಲ. ಹ್ಯಾಂಡಲ್ಲಿಗೆ ಬಟ್ಟೆ ಸಿಕ್ಕಿದ್ದು ಕಂಡು ಅವರ ಜೀವ ಟಪ್ಪಿನ ಮೇಲಿತ್ತು. ಕತ್ತೆತ್ತಿ ಗೀರು ಹುಡುಕುತ್ತಲೇ ಇದ್ದರು.

ಒಬ್ಬ ಹಿರಿಯರು ಕೈ ಮುಗಿದು, “ಸಾಹೇಬ್ರ, ನಮ್ಮ ಓಣಿಗೆ ನೀರಿಲ್ರಿ,” ಎಂದರು.

ಸಾವ್ಕಾರರು ಟಪ್ಪಿನ ಕಡೆಯೇ ನೋಡುತ್ತ, “ನೋಡೋಣು, ನೋಡೋಣು,” ಎಂದರು.

“ಹ್ವಾದ ವರ್ಷನೂ ಹಂಗ ಅಂದಿದ್ರಿ.”

“ತಡೀರಿ, ಮೊದಲ ಮ್ಯಾಲ ಏನೈತಿ ನೋಡೋಣು.”

ಹಿರಿಯರು ಪಕ್ಕದವನ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು: “ಖರೇ ಮಂತ್ರೀನ ಇವ್ರು. ಅನುಮಾನ ಇಲ್ಲ.”

ಓಢಾ

ಕೊನೆಯದು ನಿಪ್ಪಾಣಿಯ ರೇಸು. ಆ ಭಾಗದಲ್ಲಿ ದೊಡ್ಡದು. ಇಲ್ಲಿ ಗೆದ್ದರೆ ಕಾಲೇಜು ಬಿಡಿಸುವ ಮಾತನ್ನು ಯಾರೂ ಎತ್ತಲಾರರು ಎಂದು ಹುಡುಗಿಯ ಲೆಕ್ಕ. ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಸೈಕಲ್ ಹೊಡೆದಿದ್ದಳು. ಇಷ್ಟೂ ಊರು ತಿರುಗಿದರೂ ಸೈಕಲ್ಲಿಗೆ ಇನ್ನೂ ಒಂದೂ ಗೀರು ಬಿದ್ದಿರಲಿಲ್ಲ. ಇದೊಂದು ದಿನ ದಾಟಿದರೆ ಸಾಕಿತ್ತು.

ಚಿಕ್ಕೋಡಿ ಬಿಟ್ಟು ನಿಪ್ಪಾಣಿಯ ದಾರಿಯಲ್ಲಿ ಒಂದು ಚಹಾದ ಅಂಗಡಿಯ ಹತ್ತಿರ ಸಾವ್ಕಾರರು ಕಾರು ನಿಲ್ಲಿಸಿದರು. ಹಗ್ಗ ಸಡಿಲಾದ ಸಪ್ಪಳ ಕೇಳಿಸಿತಂತೆ. ಎಲ್ಲ ಬಿಚ್ಚಿ ಹೊಸದಾಗಿ ಬಿಗಿಯಬೇಕೆಂದರು. ದಿನಾಲೂ ಹಗ್ಗದ ಇನ್ನೊಂದು ತುದಿ ಹಿಡಿಯುವವನು ನಾನು. ಅಂದು ಚಹಾ ಹೇಳಲು ಹೋಗಿದ್ದೆ. ಅದಕ್ಕೇ ಸಾವ್ಕಾರರು ಹಿಡಿದರು.

ಡ್ರೈವರ್ ಬಾಗಿಲ ಅಂಚಿನ ಮೇಲೆ ನಿಂತು ಸೈಕಲ್ಲನ್ನು ಹೊಂದಿಸಿ ಹಿಡಿದಿದ್ದ. ಸೈಕಲ್ಲಿನ ದಂಡಿಗೆ ಕಟ್ಟಿದ ಹಗ್ಗದ ತುದಿಯನ್ನು ಸಾವ್ಕಾರರು ಇತ್ತ ಕಡೆ ರಸ್ತೆಯಲ್ಲಿ ನಿಂತು ಮುಂಗೈಗೆ ಸುತ್ತಿಕೊಂಡಿದ್ದರು. ಡ್ರೈವರನ ಎರಡೂ ಕೈ ಕೆಲಸದಲ್ಲಿ. ಸಹಜವಾಗಿ ಬಾಯಿ ಮರಾಠಿಗೆ ಹೊರಳಿತು.

“ಓಢಾ!” ಎಂದ.

ಮರಾಠಿಯಲ್ಲಿ ಹಾಗೆಂದರೆ ‘ಎಳೆಯಿರಿ’. ತೆಲಸಂಗದ ಸಾವ್ಕಾರರಿಗೆ ಮರಾಠಿ ಅಷ್ಟಕ್ಕಷ್ಟೇ. ಅವರ ಕಿವಿಗೆ ಬಿದ್ದದ್ದು ‘ಓಡಾ’, ಓಡು ಅಂತ.

ಕಾರಿನ ಆಚೆಯಿದ್ದ ಡ್ರೈವರನಿಗೆ ಅವರು ಕಾಣುತ್ತಿರಲಿಲ್ಲ. ಹಗ್ಗ ಬಿಗಿಯಾದದ್ದು ಮಾತ್ರ ಕಂಡಿತು. ಖುಷಿಯಾಗಿ ಇನ್ನೂ ಗಟ್ಟಿಯಾಗಿ ಕೂಗಿದ: “ಹಾಂ, ಜೋರಾತ್ ಓಢಾ, ಜೋರಾತ್!”

ಸಾವ್ಕಾರರು ಜೋರಾಗಿ ಓಡಿದರು.

ಆ ವಯಸ್ಸಿನಲ್ಲಿ ಅಂಥ ಓಟ ನಾನು ಕಂಡಿರಲಿಲ್ಲ. ಧೋತರ ಹಾರುತ್ತಿತ್ತು, ಟೋಪಿ ಮೊದಲೇ ಹೋಗಿತ್ತು. ಹಗ್ಗ ಜಗ್ಗಿತು. ಡ್ರೈವರನ ಕೈಯಿಂದ ಕಿತ್ತುಕೊಂಡ ಸೈಕಲ್ಲು ಕೌದಿಯನ್ನು ಅಲ್ಲೇ ಬಿಟ್ಟು, ಟಪ್ಪಿನಿಂದ ಜಾರಿ, ಕೆಳಗೆ ಬಿದ್ದು, ಸಾವ್ಕಾರರ ಬೆನ್ನು ಹತ್ತಿತು. ಬೆನ್ನ ಹಿಂದೆ ಗಡಗಡ ಸಪ್ಪಳ ಕೇಳಿದ್ದೇ ತಡ, ಕಬ್ಬಿನ ಲಾರಿ ಮೈಮೇಲೆ ಬಂತೆಂದು ಅವರು ಇನ್ನೂ ಜೋರಾದರು. ಚಹಾ ಕುಡಿಯುವವರೆಲ್ಲ ಎದ್ದು ನಿಂತು, “ನಿಂದರ್ರಿ, ನಿಂದರ್ರಿ,” ಎಂದು ಕೂಗಿದ ಮೇಲೆಯೇ ನಿಂತದ್ದು.

ತಿರುಗಿ ನೋಡಿದರು. ಲಾರಿ ಇರಲಿಲ್ಲ. ಕೆಂಪು ಬಣ್ಣದ ಮೇಲೆ ಗೇಣುದ್ದದ ಬಿಳಿ ಗೀರು ಇತ್ತು.

ಮುಗೀತು, ಹುಡುಗಿಯ ರೇಸು, ಕಾಲೇಜು ಎಲ್ಲ ಇಲ್ಲಿಗೇ ಮುಗೀತು ಎಂದುಕೊಂಡೆ. ಡ್ರೈವರ್ ಬಂದು ತಪ್ಪಿತಸ್ಥನಂತೆ ನಿಂತ.

“ಎಳೀರಿ ಅಂದೆ ಸಾವ್ಕಾರ್ರ. ನೀವು ಯಾಕ ಓಡಿದ್ರಿ?”

“ಇಷ್ಟ ದಿನ ‘ರಿ’ ಹಚ್ಚಿ ಮಾತಾಡಾಂವ, ಒಮ್ಮೆಲೆ ‘ಓಡಾ’ ಅಂದಿ,” ಎಂದರು ಸಾವ್ಕಾರರು ಏದುಸಿರು ಬಿಡುತ್ತ. “ಮರ್ಯಾದಿ ಕೊಡಾಕೂ ಹೊತ್ತಿಲ್ಲಂದ್ರ ಸಾವು ಭಾಳ ಹತ್ರ ಬಂದಿರಬೇಕಂತ ತಿಳಕೊಂಡೆ.”

ಹುಡುಗಿ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಸೊಟ್ಟಾದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿದಳು. ಗೇರು ತಿರುಗಿಸಿ ನೋಡಿದಳು. ಎಲ್ಲ ಸರಿಯಿತ್ತು, ಆ ಗೀರೊಂದನ್ನು ಬಿಟ್ಟು. ಅದರ ಮೇಲೆ ಬೆರಳಾಡಿಸಿ ಅಪ್ಪನ ಹತ್ತಿರ ಬಂದಳು.

“ಅಪ್ಪಾ, ಗೀರು ಬಿತ್ತಂದ್ರ ಮುಂದ ರೇಸಿಗೆ ಬರೂದು ಬಂದ್ ಅಂದಿದ್ದಿಲ್ಲ?”

ಸಾವ್ಕಾರರು ನೆಲ ನೋಡಿದರು. “ಅಂದಿದ್ನೆವ್ವಾ.”

“ಮಾತಿಗೆ ತಪ್ಪಬಾರದಲ್ಲ?”

“ತಪ್ಪಬಾರದು.”

“ಯಾರು ಬರೂದು ಬಂದ್ ಅಂತ ನೀ ಹೇಳಿರಲಿಲ್ಲ,” ಎಂದಳು. “ಬೀಳಿಸಿದಾಂವ ನೀನು.”

ಸಾವ್ಕಾರರು ನನ್ನ ಮುಖ ನೋಡಿದರು. ನಾನು ಚಹಾದ ಗ್ಲಾಸಿನೊಳಗೆ ನೋಡಿದೆ. ಡ್ರೈವರ್ ಕೌದಿ ಮಡಿಸುವ ನೆವದಲ್ಲಿ ಕಾರಿನ ಆಚೆ ಹೋದ. ಅಷ್ಟರಲ್ಲಿ ನಿಪ್ಪಾಣಿಯ ಕಡೆಯಿಂದ ಅಥಣಿ, ತೆಲಸಂಗದ ಕಡೆ ಹೋಗುವ ಬಸ್ಸು ಬರುವುದು ಕಂಡಿತು. ಹುಡುಗಿ ರಸ್ತೆಯ ಮೇಲೆ ಬಿದ್ದಿದ್ದ ಟೋಪಿ ಎತ್ತಿ, ಧೂಳು ಝಾಡಿಸಿ, ಅಪ್ಪನ ತಲೆಯ ಮೇಲಿಟ್ಟಳು.

“ಅಕಾ ನೋಡಪ್ಪಾ, ಊರಿನ ಬಸ್ ಬಂತು. ಜೋರಾಗಿ ಓಡು.”