ಬಿಕಾಂ ಓದಲೋ, ಬಿಬಿಎ ಓದಲೋ ಎಂದ ನಮ್ಮ ಕಂಡಕ್ಟರು

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ನಗೆಪಾಟಲು ಬರುತ್ತದೆ. ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಬರುತ್ತದೆ. ಈ ವರ್ಷ ಅದು ಬಂದದ್ದು ಡಿಗ್ರಿಯ ರೂಪದಲ್ಲಿ.

ನಾನು ಓದಿರುವುದು ಹತ್ತನೇ ಕ್ಲಾಸು. ನಮ್ಮ ಮನೆಯವರು ಪಿಯುಸಿ ಪಾಸಾಗಿ, ಹದಿನೆಂಟು ವರ್ಷದಿಂದ ದಾವಣಗೆರೆ–ಹರಿಹರ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರು. ನಲವತ್ತು ತುಂಬುವ ಹೊತ್ತಿಗೆ ಮಂಡಿ ಕೈಕೊಟ್ಟಿತು. ಇನ್ನು ಮೂರು ವರ್ಷ ನಿಂತರೆ ಹೆಚ್ಚು ಎಂದರು ಡಾಕ್ಟರು. ಬಸ್ಸಿನ ಮಾಲೀಕರು ಪುಣ್ಯಾತ್ಮರು. ಆಫೀಸಿನ ಮ್ಯಾನೇಜರು ಇನ್ನು ಮೂರು ವರ್ಷಕ್ಕೆ ಕೆಲಸ ಬಿಡುತ್ತಾರೆ, ಅಷ್ಟರಲ್ಲಿ ಡಿಗ್ರಿ ಮಾಡಿಕೊಂಡರೆ ಆ ಕುರ್ಚಿ ನಿನ್ನದು, ಇಲ್ಲದಿದ್ದರೆ ಹೊರಗಿನವರಿಗೆ ಕೊಡುತ್ತೇನೆ ಎಂದರು. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಓದಬಹುದು. ಅರ್ಜಿಗೆ ಒಂದು ತಿಂಗಳಿತ್ತು. ಲೆಕ್ಕಪತ್ರ ಕಲಿಸುವ ಬಿಕಾಂ ಒಳ್ಳೆಯದೋ, ವ್ಯವಹಾರ ನಡೆಸುವುದನ್ನು ಕಲಿಸುವ ಬಿಬಿಎ ಒಳ್ಳೆಯದೋ, ಅದೊಂದೇ ಪ್ರಶ್ನೆ.

ಬಸ್ಸಿನೊಳಗಿನ ಸಭೆ

ನಮ್ಮವರು ಅದನ್ನು ಬಸ್ಸಿನಲ್ಲೇ ಕೇಳಿದರು. ದಿನಾ ಬರುವ ಬ್ಯಾಂಕಿನ ಅಮ್ಮ ಬಿಕಾಂ ಎಂದರು. ದಾರಿ ನಡುವೆ ಸಿಗುವ ಬಾತಿ ಊರಿಗೆ ಟಿಕೆಟ್ ತೆಗೆದಿದ್ದ ಬಟ್ಟೆ ಅಂಗಡಿಯವರೊಬ್ಬರು ಎದ್ದು ನಿಂತು ಬಿಬಿಎ ಎಂದರು. ಬಿಕಾಂನವರು ಆಗಿಹೋದದ್ದನ್ನು ಬರೆಯುತ್ತಾರೆ, ಬಿಬಿಎದವರು ಮುಂದೆ ಬರೋದನ್ನು ಮೊದಲೇ ಕಾಣುತ್ತಾರೆ ಎಂದು ದೊಡ್ಡ ಭಾಷಣ. ಅರ್ಧ ಬಸ್ಸು ಅವರ ಕಡೆ, ಅರ್ಧ ಬಸ್ಸು ಅಮ್ಮನ ಕಡೆ.

ಭಾಷಣ ಮುಗಿದಾಗ ಬಸ್ಸು ಹರಿಹರದ ಸ್ಟ್ಯಾಂಡಿನಲ್ಲಿ ನಿಂತಿತ್ತು. ಮುಂದೆ ಬರೋದನ್ನು ಮೊದಲೇ ಕಾಣುವ ಮನುಷ್ಯನಿಗೆ ಬಾತಿ ಹಿಂದೆ ಹೋದದ್ದು ಕಂಡಿರಲಿಲ್ಲ. ಊರಿನ ಹೆಸರು ಕೂಗಬೇಕಾದ ನಮ್ಮವರೂ ಬಾಯಿ ತೆರೆದು ಭಾಷಣ ಕೇಳುತ್ತಿದ್ದರಂತೆ.

ಅತ್ತೆ ಹೂ ಕೇಳಿದ್ದು

ನಮ್ಮತ್ತೆಗೆ ಬಸ್ಸಿನವರ ಮಾತಿನ ಮೇಲೆ ನಂಬಿಕೆ ಇಲ್ಲ. ನನ್ನನ್ನು ಕರೆದುಕೊಂಡು ಆವರಗೆರೆ ಕಡೆಯ ನಮ್ಮ ಮನೆದೇವರ ಗುಡಿಗೆ ಹೂ ಕೇಳಲು ಹೊರಟರು. ಒದ್ದೆ ಹೂವನ್ನು ಅಮ್ಮನವರ ಮೂರ್ತಿಗೆ ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು.

ಅತ್ತೆ ಕೈಮುಗಿದು, "ಆ ಹೆಸರೆಲ್ಲ ನನಗ ಬರಲ್ಲ ತಾಯಿ. ಯಾವುದ್ರಾಗ ನನ್ನ ಮಗ ಕುಂತ್ಕಂಡು ಕೆಲಸ ಮಾಡ್ತಾನೋ ಅದನ್ನ ಕೊಡು" ಎಂದರು. ಹೂ ಪಟ್ಟನೆ ಬಲಕ್ಕೆ ಬಿತ್ತು. ಅತ್ತೆ ಪೂಜಾರಿಯವರಿಗೆ ಎರಡು ಸಲ ನಮಸ್ಕಾರ ಮಾಡಿದರು.

ವಾಪಸು ಬರುವಾಗ ಕೇಳಿದೆ, ಬಲಗಡೆ ಅಂದರೆ ಬಿಕಾಂ ಅಂತಲೋ, ಬಿಬಿಎ ಅಂತಲೋ ಎಂದು. ಅತ್ತೆ ನಡು ರಸ್ತೆಯಲ್ಲಿ ನಿಂತುಬಿಟ್ಟರು. "ಅದನ್ನ ದೇವರಿಗೆ ಮೊದ್ಲೇ ಹೇಳಾದಲ್ವೇನೇ? ಓದಿದಾಕಿ ಅಂತ ನಿನ್ನ ಕರ್ಕಂಡು ಬಂದಿದ್ದು ಯಾಕ ಮತ್ತೆ?"

ಹತ್ತನೇ ಕ್ಲಾಸಿಗೆ ಈ ಊರಿನಲ್ಲಿ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಓದಿ ನೋಡಿದ್ದು

ಆ ಬ್ಯಾಂಕಿನ ಅಮ್ಮ ತಮ್ಮ ಮಕ್ಕಳ ಹಳೇ ಪುಸ್ತಕ, ಎರಡೂ ಕೋರ್ಸಿನವು, ತಂದುಕೊಟ್ಟರು. ಯಾವುದು ತಲೆಗೆ ಹತ್ತುತ್ತದೋ ಅದನ್ನೇ ತೆಗೆದುಕೊಳ್ಳಿ ಎಂದರು. ನಾನು ಭಾನುವಾರ ಟೇಬಲ್ಲು ಒರೆಸಿ, ಕುರ್ಚಿ ಹಾಕಿ, ನಮ್ಮ ಮಗಳಿಗೆ ಗಲಾಟೆ ಮಾಡಬೇಡ ಎಂದು ಹೇಳಿ ಇವರನ್ನು ಕೂರಿಸಿದೆ. ಎರಡನೇ ಪುಟಕ್ಕೆ ಗೊರಕೆ. ಪುಸ್ತಕ ಬದಲಾಯಿಸಿದೆ, ಗೊರಕೆ ಬದಲಾಗಲಿಲ್ಲ.

ಆಮೇಲೆ ಮಗಳೇ ಕಂಡುಹಿಡಿದಳು. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ, ಬಸ್ಸಿನ ಕಂಬಿ ಹಿಡಿದ ಹಾಗೆ ಒಂದು ಕೈ ಮೇಲೆ ಹಿಡಿದು ನಿಂತರೆ ಗಂಟೆಗಟ್ಟಲೆ ಓದುತ್ತಾರೆ. ಕೂತು ಮಾಡುವ ಕೆಲಸ ಸಿಗಲಿ ಅಂತ ಓದುವ ಗಂಡಸು, ಕೂತರೆ ಒಂದಕ್ಷರ ಓದುವುದಿಲ್ಲ.

ಕೊನೇ ದಿನ

ಹೀಗೇ ತಿಂಗಳು ಮುಗಿಯಿತು. ಕೊನೇ ದಿನ ದಾವಣಗೆರೆಯ ಸ್ಟಡಿ ಸೆಂಟರಿಗೆ ಹೋದೆವು. ಅರ್ಜಿಯಲ್ಲಿ ಕೋರ್ಸಿನ ಜಾಗ ಇನ್ನೂ ಖಾಲಿ. ಐದು ಗಂಟೆಗೆ ಕಿಟಕಿ ಮುಚ್ಚುತ್ತಾರೆ. ಕಿಟಕಿ ಮುಂದೆ ಜಾತ್ರೆಯಂಥ ನೂಕಾಟ. ಇವರು ಮೂರನೆಯವರಾಗಿ ನಿಂತಿದ್ದರು. ನಾನು ಮಗಳನ್ನು ಕರೆದುಕೊಂಡು ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೋದೆ. ಅಲ್ಲೂ ರಶ್ಶು.

ಬಂದು ನೋಡಿದರೆ ನೂಕಾಟ ಇಲ್ಲ, ಜನ ಇಲ್ಲ. ಕಿಟಕಿ ಮುಚ್ಚಿದೆ. ಇವರು ಒಬ್ಬರೇ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾರೆ, ಮುಖದಲ್ಲಿ ಏನೋ ಸಮಾಧಾನ. ಆ ನೂಕಾಟ ನೋಡಿ ತಡೆಯಲಾಗದೆ ತಾವೇ ಎಲ್ಲರನ್ನೂ ಸಾಲು ಮಾಡಿಸಿದ್ದರಂತೆ. ಫೋಟೋ ಕೈಯಲ್ಲಿ ಹಿಡ್ಕಳ್ರಿ, ಕೂಸಿನ ತಾಯಿ ಮುಂದೆ ಬರ್ರಿ ಎಂದು ಒಬ್ಬೊಬ್ಬರನ್ನೇ ಕಳಿಸಿದ್ದರಂತೆ.

"ಇಪ್ಪತ್ಮೂರು ಜನ ಕಣೇ. ಒಬ್ರೂ ಉಳೀಲಿಲ್ಲ."

"ನಿಮ್ದು?" ಎಂದೆ.

ಜೇಬು ಮುಟ್ಟಿ ನೋಡಿಕೊಂಡರು. ಅರ್ಜಿ ಅಲ್ಲೇ ಇತ್ತು.

ಆ ಕುರ್ಚಿಯ ಆಸೆ ಜೇಬಿನಲ್ಲೇ ಮುದುಡುವುದು ಕಂಡು ನನಗೆ ಅಳು ಬಂತು, ಆದರೆ ಮೊದಲು ಕಿಟಕಿ ಬಡಿದೆ. ಒಳಗಿದ್ದ ಮೇಡಂ ತೆರೆದರು. ಅವರ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಇಷ್ಟು ವರ್ಷದಲ್ಲಿ ಕೊನೇ ದಿನ ಇಷ್ಟು ನೆಟ್ಟಗೆ ನಡೆದದ್ದು ಇದೇ ಮೊದಲು, ಕೊಡ್ರಿ ಅರ್ಜಿ ಎಂದರು. ಆಮೇಲೆ ಖಾಲಿ ಜಾಗ ತೋರಿಸಿ, "ಯಾವುದು? ಬಿಕಾಮೋ, ಬಿಬಿಎನೋ?" ಎಂದರು.

ಇವರು ನನ್ನ ಮುಖ ನೋಡಿದರು.

"ಮೇಡಂ, ಜನರನ್ನ ನಡೆಸೋದು ಇವ್ರಿಗೆ ಬರ್ತೈತೆ, ನೀವೇ ನೋಡಿದ್ರಿ," ಎಂದೆ. "ಇಪ್ಪತ್ಮೂರು ಜನರನ್ನ ಎಣಿಸಿ ತನ್ನನ್ನ ಎಣಿಸದೆ ಬಿಟ್ಟ ಮನುಷ್ಯ ಇವ್ರು. ಬಿಕಾಂ ಬರ್ಕಳ್ರಿ."