ಬೇರು ನೋಡುವ ಚಟ

ಕಣ್ಣಿಗೆ ಕಾಣದ್ದನ್ನು ನಂಬುವುದು ನನ್ನಿಂದ ಆಗದ ಕೆಲಸ. ದೇವರ ವಿಷಯ ಹೇಳುತ್ತಿಲ್ಲ. ಅಷ್ಟು ದೊಡ್ಡ ಮಾತು ನನಗೇಕೆ? ಒಲೆಯ ಮೇಲೆ ಅನ್ನ ಬೇಯುತ್ತಿದ್ದರೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಅಂಚೆ ಡಬ್ಬಕ್ಕೆ ಕಾಗದ ಹಾಕಿದ ಮೇಲೆ, ಅದು ನಿಜವಾಗಿಯೂ ಒಳಗೆ ಬಿದ್ದಿತೇ ಎಂದು ಬೆರಳು ತೂರಿಸಿ ತಡಕುತ್ತೇನೆ. ಒಮ್ಮೆ ನಮ್ಮ ಗಣಿಯೂರು ಊರಿಗಾಮಿನ ಅಂಚೆ ಕಚೇರಿಯ ಮುಂದೆ ಬೆರಳು ಸಿಕ್ಕಿಕೊಂಡು, ಪೋಸ್ಟ್‌ಮನ್ ಬಂದು ಬೀಗ ತೆಗೆಯುವವರೆಗೂ ಡಬ್ಬದೊಡನೆ ಸ್ನೇಹದಿಂದ ನಿಂತಿದ್ದೆ. ಇದಕ್ಕೆಲ್ಲ ನನ್ನ ಉದ್ಯೋಗವೇ ಕಾರಣವೆಂದು ಹೇಳಿಕೊಂಡು ಬಂದಿದ್ದೇನೆ. ನಾನು ಚಿನ್ನದ ಗಣಿಯ ಟೈಂ ಆಫೀಸಿನ ಗುಮಾಸ್ತ. ಕೆಳಗೆ ಇಳಿಯುವ ಪ್ರತಿಯೊಬ್ಬನೂ ತನ್ನ ಹಿತ್ತಾಳೆಯ ಬಿಲ್ಲೆಯನ್ನು ನಮ್ಮ ಕಿಟಕಿಯಲ್ಲಿ ಕೊಟ್ಟು ಹೋಗುತ್ತಾನೆ. ನಾನು ಅದನ್ನು ಮೊಳೆಗೆ ನೇತುಹಾಕುತ್ತೇನೆ. ಮೇಲೆ ಬಂದಾಗ ಬಿಲ್ಲೆ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಮೊಳೆಯಲ್ಲಿ ಬಿಲ್ಲೆ ಇದೆಯೆಂದರೆ ಆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಎಂದು ಅರ್ಥ. ಪಾಳಿ ಮುಗಿದ ಸೈರನ್ ಕೂಗಿ ಅರ್ಧ ಗಂಟೆಯಾದರೂ ಒಂದು ಬಿಲ್ಲೆ ಉಳಿದುಬಿಟ್ಟರೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇಳಿದದ್ದು ಸಂಜೆಯೊಳಗೆ ಮೇಲೆ ಬರಬೇಕು, ನನ್ನ ಕಣ್ಣಿಗೆ ಬೀಳಬೇಕು. ಇಂಥವನು ಗಿಡ ನೆಡಬಾರದು.

ನೆಡಬೇಕಾಗಿ ಬಂದದ್ದು ಮದುವೆಯಾದ ಮೇಲೆ. ರಾಜ್ಯ ದೊಡ್ಡದಾಯಿತೆಂದು ನಮ್ಮ ಆಫೀಸಿನ ಗೋಡೆಗೆ ಹೊಸ ಭೂಪಟ ಬಂದಿದ್ದ ವರ್ಷ ಅದು. ನನ್ನ ಹೆಂಡತಿ ಸರೋಜ ಬಂಗಾರಪೇಟೆಯವಳು. ಅವಳ ತವರಿನ ಹಿತ್ತಲಲ್ಲಿ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲವೂ ಒಂದರ ಮೇಲೊಂದು ಬಿದ್ದು ಬೆಳೆದಿದ್ದವು. ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಬೆಳೆದದ್ದೆಂದರೆ ಕಲ್ಲು. ಗಾಳಿ ಬೀಸಿದರೆ ಗಣಿಯ ಮಣ್ಣುದಿಬ್ಬದ ಬಿಳಿ ಧೂಳು ಬಂದು ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಬಂದ ವಾರದಲ್ಲೇ ಕೆಳಗೆಲ್ಲೋ ಬಂಡೆ ಸಿಡಿದು ಮನೆ ನಡುಗಿತು. ಪಾತ್ರೆಗಳು ಗಣಗಣ ಅಂದವು. ನಾವೆಲ್ಲ ಬೀಳುವ ಲೋಟವನ್ನು ಹಿಡಿದು ಮಾತು ಮುಂದುವರಿಸುವ ಜನ. ಸರೋಜ ಮಾತ್ರ ಅಂಗಳಕ್ಕೆ ಓಡಿಹೋಗಿ, ಕತ್ತಲಾಗುವವರೆಗೂ ಒಳಗೆ ಬರಲಿಲ್ಲ.

"ನೋಡಿ, ನಾನು ಜಗಳ ಆಡ್ತಾ ಇಲ್ಲ" ಅಂದಳು ಕೊನೆಗೆ. "ಅಮ್ಮನ ಮನೆಯಿಂದ ಆರು ಗಿಡ ತಂದು ಇಲ್ಲಿ ಹಾಕ್ತೀನಿ. ದೀಪಾವಳಿ ಹೊತ್ತಿಗೆ ಅವು ಹಿಡಿದರೆ ನಾನೂ ಇಲ್ಲೇ ಇರ್ತೀನಿ. ಇಲ್ಲದಿದ್ದರೆ ಬಂಗಾರಪೇಟೆಯಲ್ಲೇ ಇರ್ತೀನಿ. ನೀವು ಶನಿವಾರ ಶನಿವಾರ ಬಂದುಹೋಗಿ."

ನಾನು ನಕ್ಕೆ. ಅವಳು ನಗಲಿಲ್ಲ. ಅವಳಿಲ್ಲದ ಮನೆಯನ್ನು ನೆನೆಸಿಕೊಂಡು ಅಂದೇ ರಾತ್ರಿ ಗುದ್ದಲಿ ಹುಡುಕಿದೆ, ಸುಳ್ಳೇಕೆ ಹೇಳಲಿ.

ಆಷಾಢ ಮುಗಿಯುತ್ತಿದ್ದಂತೆ ಹೋಗಿ ಗಿಡ ತಂದೆವು: ದಾಸವಾಳ ಎರಡು, ನಂದಿಬಟ್ಟಲು ಎರಡು, ಕಣಗಿಲೆ ಒಂದು, ಮಲ್ಲಿಗೆ ಒಂದು. ಗಣಿಯ ಕಡೆಗೆ ಬರುವ ಮಾರಿಕುಪ್ಪಂ ರೈಲಿನಲ್ಲಿ ಒದ್ದೆ ಗೋಣಿ ಸುತ್ತಿದ ಆರು ಗಿಡಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಇಳಿದಾಗ ಪಂಚೆಯ ಮುಂಭಾಗ ನೆಂದಿದ್ದು ಯಾಕೆಂದು ದಾರಿಯಲ್ಲಿ ಸಿಕ್ಕ ಮೂವರಿಗೆ ವಿವರಿಸಬೇಕಾಯಿತು. ಗುಂಡಿ ತೋಡುವಾಗ ಬೇಲಿಯಾಚೆ ಬಂದು ನಿಂತವನು ಮುನೆಂಕಟಪ್ಪ. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸ ಅವನದು. ಊರು ಬಂಗಾರಪೇಟೆಯ ಹತ್ತಿರದ ಹಳ್ಳಿ. ಮನೆಯಲ್ಲಿ ತೆಲುಗು, ಗಣಿಯಲ್ಲಿ ತಮಿಳು, ನನ್ನೊಡನೆ ಕನ್ನಡ. ದಿನವೂ ಅವನ ಬಿಲ್ಲೆ ನೇತುಹಾಕುವವನು ನಾನೇ ಆದ್ದರಿಂದ ನನ್ನ ಮೇಲೆ ಒಂದು ಬಗೆಯ ಅಧಿಕಾರ ಅವನಿಗಿತ್ತು.

"ಬುಡಾನ ಕಾಲಲ್ಲಿ ತುಳೀರಿ ಸಾಮಿ, ಸಂದು ಇದ್ರೆ ಗಾಳಿ ಓಗಿ ಬ್ಯಾರು ಒಣಗ್ತದೆ" ಅಂದ. "ಸುತ್ತ ಪಾತಿ ಕಟ್ಟಿ. ದಿನಾ ನೀರು ಚಿಮುಕಿಸ್ಬ್ಯಾಡಿ, ದಿನ ಬಿಟ್ಟು ದಿನ ಒಟ್ಟೆ ತುಂಬ ಕುಡ್ಸಿ. ಮೇಲೆ ಒಂದಿಷ್ಟು ತರಗು ಒದಿಸಿ. ಆಮ್ಯಾಕೆ ಮರೆತುಬಿಡಿ."

ಎಲ್ಲವನ್ನೂ ಮಾಡಿದೆ, ಮರೆಯುವುದೊಂದನ್ನು ಬಿಟ್ಟು. ಮೂರನೆಯ ಸಂಜೆಗೇ ಕೈ ಕಡಿಯತೊಡಗಿತು. ಆರು ಜನ ಕೆಳಗೆ ಇಳಿದಿದ್ದಾರೆ, ಒಬ್ಬರ ಸುದ್ದಿಯೂ ಇಲ್ಲ! ಸರೋಜ ಬೀದಿಯ ಕೊನೆಯ ನಲ್ಲಿಗೆ ನೀರಿಗೆ ಹೋದ ಹೊತ್ತು ನೋಡಿಕೊಂಡು, ಅಡುಗೆಮನೆಯಿಂದ ದೋಸೆ ಮಗುಚುವ ಸಟ್ಟುಗ ತಂದು, ದಾಸವಾಳದ ಬುಡದ ಮಣ್ಣನ್ನು ಕೆದಕಿ, ಗಿಡವನ್ನು ಮೆಲ್ಲಗೆ ಎತ್ತಿ ನೋಡಿದೆ. ಬೇರು ಹೇಗಿತ್ತೋ ಹಾಗೇ ಇತ್ತು. ಮತ್ತೆ ಇಟ್ಟು ಮಣ್ಣು ಮುಚ್ಚಿದೆ. ಒಂದನ್ನು ನೋಡಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ ಎಂದು ಉಳಿದ ಐದನ್ನೂ ನೋಡಿದೆ. ಮಾರನೆಯ ದಿನವೂ ನೋಡಿದೆ. ಅಕ್ಕಿ ತೊಳೆದ ನೀರನ್ನು ಹೊಯ್ಯುತ್ತ, ಎಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ ಸರೋಜ ಬೆಳಿಗ್ಗೆ ಗಿಡಗಳನ್ನು ಬದುಕಿಸುತ್ತಿದ್ದಳು. ಸಂಜೆ ನಾನು ತಪಾಸಣೆ ಮಾಡುತ್ತಿದ್ದೆ. ಹತ್ತನೆಯ ದಿನ ಒಂದು ನಂದಿಬಟ್ಟಲು ತಲೆ ಬಾಗಿಸಿತು. ಅದರ ಹಿಂದೆಯೇ ಮಲ್ಲಿಗೆ. ಒಣಗಿದ ಮಲ್ಲಿಗೆಯ ಪಕ್ಕ ಸರೋಜ ಬಹಳ ಹೊತ್ತು ಕೂತಿದ್ದಳು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಹೆದರಿಕೆಯಾದ್ದರಿಂದ ಉಳಿದ ನಾಲ್ಕನ್ನು ಇನ್ನಷ್ಟು ಎಚ್ಚರಿಕೆಯಿಂದ, ಅಂದರೆ ದಿನಕ್ಕೆರಡು ಸಲ, ಕಿತ್ತು ನೋಡತೊಡಗಿದೆ.

ಒಂದು ಸಂಜೆ ಕಣಗಿಲೆ ನನ್ನ ಕೈಯಲ್ಲಿರುವಾಗಲೇ ಮುನೆಂಕಟಪ್ಪ ಬೇಲಿಯ ಹತ್ತಿರ ಬಂದುಬಿಟ್ಟ.

"ಅಯ್ಯೋ ನಾಯನಾ! ಏನ್ ಸಾಮಿ ಇದು?"

"ಬೇರು ಬಂತೋ ಇಲ್ಲವೋ ಅಂತ..."

"ನೆನ್ನೆ?"

"ನೆನ್ನೆಯೂ ನೋಡಿದೆ."

ಅವನು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಸಾವಿನ ಮನೆಗೆ ಬಂದವರು ಮಾಡುವಂತೆ. "ಬೆಳಿಗ್ಗೆ ನಿಮ್ಮ ಕೈಗೆ ಬಿಲ್ಲೆ ಕೊಟ್ಟು ಕೆಳಕ್ಕೋಗ್ತೀನಿ. ಗಂಟೆಗೊಂದು ಕಿತ ನನ್ನ ಮೇಲಕ್ಕೆ ಎಳ್ಕೊಂಡು 'ಏನ್ ಮಾಡ್ದೆ, ತೋರ್ಸು' ಅಂದ್ರೆ ನಾನು ದಿಮ್ಮಿ ನಿಲ್ಸೋದು ಯಾವಾಗ ಸಾಮಿ? ಕೆಳಕ್ಕಿಳಿದೋರ್ನ ಅವರ ಪಾಡಿಗೆ ಬಿಡ್ಬೇಕು."

"ಸರಿಯಪ್ಪ. ಇವುಗಳ ಪಾಳಿ ಎಷ್ಟು ಹೊತ್ತಿಂದು?" ಎಂದು ಕೇಳಿದೆ. ನನಗೆ ತಿಳಿದ ಭಾಷೆ ಅದೊಂದೇ.

"ದೀಪಾವಳಿಗಂಟ" ಎಂದು ಹೇಳಿ, ಕಣಗಿಲೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ನೆಟ್ಟು, ಬುಡವನ್ನು ಅಂಗಾಲಿನಿಂದ ಒತ್ತಿ ಹೋದ.

ಅಂದು ರಟ್ಟಿನಲ್ಲಿ ನಾಲ್ಕು ಬಿಲ್ಲೆ ಕತ್ತರಿಸಿ, ಒಂದರಿಂದ ನಾಲ್ಕರವರೆಗೆ ಸಂಖ್ಯೆ ಬರೆದು, ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದೆ. ಕೈ ಕಡಿದಾಗಲೆಲ್ಲ ಅಂಗಳಕ್ಕೆ ಹೋಗುವ ಬದಲು ಗೋಡೆ ನೋಡುತ್ತಿದ್ದೆ. ನಾಲ್ವರೂ ಕೆಳಗಿದ್ದಾರೆ, ಪಾಳಿ ಮುಗಿದಿಲ್ಲ, ಸುಮ್ಮನಿರು. "ಇದೇನು ಹೊಸ ದೇವರು?" ಎಂದಳು ಸರೋಜ. ಆಫೀಸಿನ ಲೆಕ್ಕ ಎಂದೆ. ಮಳೆ ಎರಡು ಸಲ ಚೆನ್ನಾಗಿ ಹೊಯ್ಯಿತು. ದಾಸವಾಳ ಅಲುಗಾಡದೆ ನಿಂತಿತು.

ಆದರೆ ಚಟ ಸುಲಭಕ್ಕೆ ಬಿಡುವುದೇ? ಗಿಡಗಳಿಂದ ತೆಗೆದ ಕೈಯನ್ನು ನಾನು ಎಲ್ಲಿ ಹಾಕಿದೆನೆಂದು ನನಗೇ ಗೊತ್ತಾಗಲಿಲ್ಲ. ದಿನವೂ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ, "ಇವತ್ತು ಬೇಜಾರಾಯಿತಾ? ಊರು ಒಗ್ಗಿತಾ? ಪಕ್ಕದ ಮನೆಯವರು ಮಾತಾಡಿಸಿದರಾ?" ಎಂದು ಶುರುಮಾಡುತ್ತಿದ್ದೆ. ಅವಳು ಹ್ಞೂಂ ಅಂದರೆ ಬಂಗಾರಪೇಟೆಯ ರೈಲು ಕಣ್ಣ ಮುಂದೆ ಬರುತ್ತಿತ್ತು. ಊಹ್ಞೂಂ ಅಂದರೂ ಅದೇ ರೈಲು.

ದೀಪಾವಳಿಯ ಹಿಂದಿನ ದಿನ ದಾಸವಾಳ ಎರಡೂ ಹೊಸ ಎಲೆ ಬಿಟ್ಟು ಮಿರಿಮಿರಿ ಮಿಂಚುತ್ತಿದ್ದವು. ಕಣಗಿಲೆ ಚಿಗುರಿತ್ತು. ಉಳಿದೊಂದು ನಂದಿಬಟ್ಟಲು ಅರೆಮನಸ್ಸಿನಿಂದ ಒಂದು ಮೊಗ್ಗು ತೋರಿಸಿತ್ತು. ಆರಕ್ಕೆ ನಾಲ್ಕು. ಇದನ್ನು ಹಿಡಿದದ್ದು ಅನ್ನುವುದೋ ಬಿಟ್ಟದ್ದು ಅನ್ನುವುದೋ? ತಡೆಯಲಾರದೆ ಕೇಳಿಯೇಬಿಟ್ಟೆ: "ಸರೋಜ, ನಿಜ ಹೇಳು. ಇಲ್ಲಿ ಇರ್ತೀಯಾ?"

ಅವಳು ದೋಸೆ ಹುಯ್ಯುತ್ತಿದ್ದಳು. ಸಟ್ಟುಗವನ್ನು ನನ್ನ ಮುಖದ ಮುಂದೆ ಹಿಡಿದು, "ಇದರ ತುಂಬ ಮಣ್ಣು ಮೆತ್ತಿರೋದನ್ನ ಎಷ್ಟು ದಿನ ತೊಳೆದಿದ್ದೀನಿ ಗೊತ್ತಾ?" ಅಂದಳು. "ಗಿಡಗಳನ್ನ ಬಿಟ್ಟಿರಿ, ನನ್ನನ್ನ ಹಿಡಿದಿರಿ. ದಿನಾ ಸಂಜೆ ಬುಡ ಅಲ್ಲಾಡಿಸಿ ನೋಡ್ತಾ ಇದ್ದರೆ ನಾನು ಬೇರು ಬಿಡೋದು ಯಾವಾಗ? ನಿಮ್ಮ ಆಫೀಸಿನ ಲೆಕ್ಕ ನನಗೂ ಗೊತ್ತು, ಗೋಡೆ ನೋಡಿ."

ನೋಡಿದೆ. ಮೊಳೆಯಲ್ಲಿ ಐದು ಬಿಲ್ಲೆಗಳಿದ್ದವು. ಐದನೆಯದು ಬೆಂಕಿಪೊಟ್ಟಣದ ರಟ್ಟಿನದು, ಅದರಲ್ಲಿ ಐದು ಎಂದು ಅವಳ ಗುಂಡು ಅಕ್ಷರದ ಸಂಖ್ಯೆ. ಅದರ ಮೇಲೆ ಆಗಲೇ ಒಲೆಯ ಹೊಗೆ ಹಿಡಿದಿತ್ತು. ಎಷ್ಟೋ ದಿನಗಳಿಂದ ಅಲ್ಲೇ ತೂಗುತ್ತಿರಬೇಕು. ಬಿಲ್ಲೆ ಎಣಿಸುವುದೇ ಉದ್ಯೋಗವಾಗಿರುವ ನಾನು ನನ್ನ ಮನೆಯ ಮೊಳೆಯನ್ನು ದಿನಕ್ಕೆ ಹತ್ತು ಸಲ ನೋಡಿಯೂ ಅದನ್ನು ಕಂಡಿರಲಿಲ್ಲ. ಈ ಪಾಳಿ ಎಷ್ಟು ಹೊತ್ತಿಂದು ಎಂದು ಕೇಳಲು ಬಾಯಿ ತೆರೆದವನು, ಪುಣ್ಯಕ್ಕೆ, ಒಂದು ತುಂಡು ದೋಸೆ ತುರುಕಿಕೊಂಡೆ.